ಒಂದು ಕೆಜಿ ಉಪ್ಪಿನ ಪ್ಯಾಕೆಟ್ ನಿಮ್ಮನೇಲಿ ಎಷ್ಟು ದಿನ ಬರುತ್ತೆ?

ಸಂಪಾದಕರಿಗೆ ನಮಸ್ಕಾರ,

ಉಪ್ಪು ಕಡಿಮೆ ಮಾಡಿ ಅಂತ ಪೇಪರಿನ ಆರೋಗ್ಯ ಪುಟದಲ್ಲಿ ಆಗಾಗ ಬರ್ತಾನೇ ಇರುತ್ತೆ, ಡಾಕ್ಟ್ರುಗಳೂ ಹೇಳ್ತಾರೆ, ಆದ್ರೆ ಈಗ ಎಷ್ಟು ತಿಂತಿದೀವಿ ಅನ್ನೋದೇ ಗೊತ್ತಿಲ್ದೆ ಯಾವುದ್ರಲ್ಲಿ ಎಷ್ಟು ಕಡಿಮೆ ಮಾಡೋದು ಹೇಳಿ. ಅದನ್ನ ತಿಳ್ಕೊಳ್ಳೋಕೆ ಲ್ಯಾಬು ಗೀಬು ಏನೂ ಬೇಡ, ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಲ್ಲಿ ತಾರೀಖು ಬರೆದಿಟ್ರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಆಗ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಆಗ್ಲಿ, ದೊಡ್ಡವರಿಗೆ ಹೇಳೋದು ದಿನಕ್ಕೆ 5 ಗ್ರಾಂ ಉಪ್ಪು ದಾಟಬಾರ್ದು ಅಂತ, ಅಂದ್ರೆ ಗುಡ್ಡೆ ಮಾಡದೆ ಮಟ್ಟವಾಗಿ ತಗೊಂಡ ಹೆಚ್ಚುಕಮ್ಮಿ ಒಂದು ಟೀ ಚಮಚ. ನಾಲ್ಕು ಜನಕ್ಕೆ ದಿನಕ್ಕೆ 20 ಗ್ರಾಂ ಆಯ್ತು, ಆ ಲೆಕ್ಕದಲ್ಲಿ ಒಂದು ಕೆಜಿ ಪ್ಯಾಕೆಟ್ 50 ದಿನ ಬರಬೇಕು. ತಿಂಗಳ ಸಾಮಾನಿನ ಚೀಟೀಲಿ ಉಪ್ಪು 2 ಕೆಜಿ ಅಂತ ಬರೆಯೋರು ಸ್ವಲ್ಪ ಯೋಚನೆ ಮಾಡಿ. ದ್ರಾಕ್ಷಿ ತೊಳೆಯೋಕೆ, ಬಾಯಿ ಮುಕ್ಕಳಿಸೋಕೆ ಒಂದಿಷ್ಟು ಹೋಯ್ತು ಅಂತ್ಲೇ ಇಟ್ಕೊಳ್ಳಿ, ಆದ್ರೂ ಹೋಟ್ಲು, ಬೇಕರಿ, ಚಿಪ್ಸ್ ಪ್ಯಾಕೆಟ್ಟಿಂದ ಬರೋ ಉಪ್ಪು ಈ ಲೆಕ್ಕದಲ್ಲಿ ಇಲ್ವೇ ಇಲ್ಲ.

ಇಂಗ್ಲೆಂಡು ಅಮೆರಿಕದ ಕಡೆ ಜನ ತಿನ್ನೋ ಉಪ್ಪಲ್ಲಿ ಹೆಚ್ಚಿನದು ಫ್ಯಾಕ್ಟರಿ ತಿಂಡಿಯಿಂದ ಬರುತ್ತೆ, ಅಲ್ಲಿ ಬ್ರೆಡ್ ಕಂಪನಿಯವರ ಕೈಲಿ ಕಡಿಮೆ ಮಾಡಿಸಿದ್ರೆ ಊರಿಗೆಲ್ಲಾ ಕಡಿಮೆ ಆಗುತ್ತೆ. ನಮ್ಮಲ್ಲಿ ಹಾಗಲ್ಲ, ಬಹುಪಾಲು ನಮ್ಮ ಅಡುಗೆಮನೇಲೇ ನಮ್ಮ ಕೈಯ್ಯಾರೆ ಬೀಳೋದು. ಹಾಗಾಗಿ ಸರ್ಕಾರ ಏನಾದ್ರೂ ಮಾಡ್ಲಿ ಅಂತ ಕೂರೋದ್ರಲ್ಲಿ ಅರ್ಥ ಇಲ್ಲ.

ನಮ್ಮ ಹಳೇ ಊಟದಲ್ಲೇ ಒಂದು ಜಾಣತನ ಇತ್ತು ಅನ್ಸುತ್ತೆ ನಂಗೆ. ಮುದ್ದೆಗೆ ಸಾಮಾನ್ಯವಾಗಿ ಉಪ್ಪು ಹಾಕಲ್ಲ, ಎಷ್ಟೋ ಮನೇಲಿ ಜೋಳದ ರೊಟ್ಟಿಗೂ ಹಾಕಲ್ಲ, ಅನ್ನ ಸಪ್ಪೆಯಾಗೇ ಬೇಯುತ್ತೆ, ಉಪ್ಪು ಸಾರಲ್ಲಿ ಪಲ್ಯದಲ್ಲಿ ಮಾತ್ರ. ಕೆಡೋದು ಅದರ ಪಕ್ಕಕ್ಕೆ ಬರೋ ಪಟಾಲಮ್ಮಿಂದ, ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ, ಕೊನೇಲಿ ಮಜ್ಜಿಗೆ ಅನ್ನಕ್ಕೆ ಅಂತ ಬೆರಳಲ್ಲಿ ತಗೊಳ್ಳೋ ಇನ್ನೊಂದು ಚಿಟಿಕೆ. ಒಂದೊಂದೂ ಸ್ವಲ್ಪ ಸ್ವಲ್ಪಾನೇ, ಆದ್ರೆ ಒಂದೇ ಎಲೇಲಿ ಎಲ್ಲಾ ಸೇರಿದ್ರೆ ಆವತ್ತಿನ ಕೋಟಾ ಅಲ್ಲೇ ಮುಗೀತು. ಉಪ್ಪಿನಕಾಯಿ ಬಿಡಿ ಅಂತ ನಾನು ಹೇಳಲ್ಲ, ಮಿಡಿ ಉಪ್ಪಿನಕಾಯಿ ಬಿಟ್ಟು ಬದುಕೋದು ನನ್ನ ಕೈಲೂ ಆಗಲ್ಲ, ಆದ್ರೆ ಅದು ಇರೋ ದಿನ ಹಪ್ಪಳ ಬೇಡ, ಮಜ್ಜಿಗೆಗೆ ಉಪ್ಪು ಬೇಡ. ಉಪ್ಪಲ್ಲಿ ಬಿಪಿ ಏರಿಸೋ ಅಂಶ ಸೋಡಿಯಂ. ಹಪ್ಪಳದಲ್ಲಿ ಉಪ್ಪಷ್ಟೇ ಅಲ್ದೆ ಹಪ್ಪಳದ ಖಾರಾನೂ ಇರುತ್ತೆ (ಮೆಣಸಿನ ಖಾರ ಅಲ್ಲ, ಹಿಟ್ಟಿಗೆ ಹಾಕೋ ಸೋಡಾದಂಥ ಕ್ಷಾರ), ಅದೂ ಸೋಡಿಯಮ್ಮೇ. ಹಾಗೇ ಅಡುಗೆ ಸೋಡಾ. ಬನ್ನು ಬಿಸ್ಕತ್ತು ಸಿಹಿಯಾಗಿದೆ ಅಂತ ಅದರಲ್ಲಿ ಸೋಡಿಯಂ ಇಲ್ಲ ಅನ್ಕೋಬೇಡಿ. ಪ್ಯಾಕೆಟ್ ಹಿಂದೆ ಸಣ್ಣ ಅಕ್ಷರದಲ್ಲಿ ಸೋಡಿಯಂ ಇಷ್ಟು ಮಿಲಿಗ್ರಾಂ ಅಂತ ಇರುತ್ತೆ, ಎರಡೂವರೆಯಿಂದ ಗುಣಿಸಿದ್ರೆ ಉಪ್ಪಿನ ಲೆಕ್ಕ ಸಿಗುತ್ತೆ, 800 ಅಂತ ಇದ್ರೆ 2 ಗ್ರಾಂ ಉಪ್ಪು ತಿಂದಂಗೆ. ಅದು ಎಷ್ಟು ಗ್ರಾಂ ತಿಂಡಿಗೆ ಅನ್ನೋದನ್ನೂ ನೋಡಿ, ಸಾಮಾನ್ಯವಾಗಿ 100 ಗ್ರಾಂಗೆ ಕೊಟ್ಟಿರ್ತಾರೆ.

ಇನ್ನು ಈ ಪಿಂಕ್ ಸಾಲ್ಟ್, ಸೈಂಧವ ಲವಣದ ಹುಚ್ಚು. ವಾಟ್ಸಾಪಲ್ಲಿ ಬರೋ ಮೆಸೇಜ್ ನಂಬಿ ಬಿಪಿ ಇರೋರೂ ಅದನ್ನ ಧಾರಾಳವಾಗಿ ಹಾಕ್ಕೊಂಡು ತಿಂತಿದಾರೆ, ಅದೂ ಹೆಚ್ಚುಕಮ್ಮಿ ಪೂರ್ತಿ ಸೋಡಿಯಂ ಕ್ಲೋರೈಡೇ ಸ್ವಾಮಿ, ಅಂದ್ರೆ ಮಾಮೂಲಿ ಉಪ್ಪೇ, ಬಣ್ಣ ಬೇರೆ, ರೇಟು ಬೇರೆ ಅಷ್ಟೆ. ಕಲ್ಲುಪ್ಪೂ ಅಷ್ಟೇ. ಮೇಲಾಗಿ ಇವುಗಳಲ್ಲಿ ಎಷ್ಟೋ ಸಲ ಅಯೋಡಿನ್ ಸೇರಿಸಿರಲ್ಲ, ಗಳಗಂಡ ಬರದಂಗೆ ಕಾಯೋದು ಅದೇ. ತಿನ್ನೋದು ಕಡಿಮೆ ಆದ್ರೂ ತಿನ್ನೋ ಉಪ್ಪು ಅಯೋಡಿನ್ ಇರೋದೇ ಆಗಿರ್ಲಿ.

ನಿಜವಾಗ್ಲೂ ಬೇರೆ ಥರದ್ದು ಅಂದ್ರೆ ಲೋ ಸೋಡಿಯಂ ಉಪ್ಪು, ಅದರಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಭಾಗದ ಬದಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ಇದನ್ನ ಐದು ವರ್ಷ ನೋಡಿದಾರೆ, ಮೊದ್ಲೇ ಸ್ಟ್ರೋಕ್ ಆದೋರು ಇಲ್ಲಾ 60 ದಾಟಿ ಬಿಪಿ ಇರೋರು, ಅರ್ಧ ಹಳ್ಳಿಗಳಿಗೆ ಈ ಉಪ್ಪು, ಉಳಿದವಕ್ಕೆ ಮಾಮೂಲಿ ಉಪ್ಪು. 2021ರಲ್ಲಿ ರಿಸಲ್ಟ್ ಬಂತು, ಈ ಉಪ್ಪು ತಿಂದೋರಲ್ಲಿ ಸ್ಟ್ರೋಕ್ ಶೇ 14ರಷ್ಟು ಕಡಿಮೆ. ಆದ್ರೆ ಇದು ಎಲ್ಲಾರಿಗೂ ಆಗಲ್ಲ. ಕಿಡ್ನಿ ತೊಂದ್ರೆ ಇರೋರಿಗೆ ಪೊಟ್ಯಾಸಿಯಂ ಹೊರಗೆ ಹೋಗದೆ ಏರಿ ಹಾರ್ಟಿಗೇ ಅಪಾಯ ಆಗ್ಬೋದು, ಕೆಲವು ಬಿಪಿ ಮಾತ್ರೆಗಳೂ ಪೊಟ್ಯಾಸಿಯಂ ಏರಿಸ್ತವೆ, ಹಂಗಾಗಿ ಡಾಕ್ಟ್ರನ್ನ ಕೇಳ್ದೆ ತರ್ಲೇಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರೀಲಿ ಕೊಟ್ಟ ಸಲಹೇಲೂ ಮಕ್ಕಳು, ಗರ್ಭಿಣಿಯರು, ಕಿಡ್ನಿ ರೋಗಿಗಳನ್ನ ಹೊರಗೇ ಇಟ್ಟಿದಾರೆ.

ಸಪ್ಪೆ ಊಟ ಯಾರು ಮಾಡ್ತಾರೆ ಅಂತ ಮನೇಲಿ ಗಲಾಟೆ ಆಗೋದಂತೂ ಗ್ಯಾರಂಟಿ. ಹಾಗಾಗಿ ಒಂದೇ ಸಲ ಅರ್ಧಕ್ಕೆ ಇಳಿಸ್ಬೇಡಿ, ವಾರ ವಾರ ಸ್ವಲ್ಪ ಸ್ವಲ್ಪ ಇಳಿಸಿ, ನಾಲಿಗೆ ಕೆಲವು ವಾರದಲ್ಲಿ ಹೊಂದ್ಕೊಳ್ಳುತ್ತೆ, ಆಮೇಲೆ ಹೋಟ್ಲು ಸಾಂಬಾರೇ ಉಪ್ಪುಪ್ಪು ಅನ್ಸೋಕೆ ಶುರುವಾಗುತ್ತೆ. ನಿಂಬೆಹಣ್ಣು, ಹುಣಸೆ, ಮೆಣಸು, ಇಂಗಿನ ಒಗ್ಗರಣೆ ಇದ್ರೆ ಸಾರಿಗೆ ಉಪ್ಪು ಕಮ್ಮಿ ಆಗಿರೋದು ಅಷ್ಟಾಗಿ ಗೊತ್ತಾಗಲ್ಲ. ಊಟದ ಟೇಬಲ್ ಮೇಲಿಂದ ಉಪ್ಪಿನ ಡಬ್ಬಿ ಎತ್ತಿಡಿ. ವರ್ಷ ತುಂಬದ ಕೂಸಿನ ಊಟಕ್ಕಂತೂ ಉಪ್ಪು ಬೇಕಾಗೇ ಇಲ್ಲ, ಅಜ್ಜಿಯರು ಎಷ್ಟೇ ಬೈದ್ರೂ ಸರಿ.

ಒಂದು ವಿಷಯ ಮಾತ್ರ ಸರ್ಕಾರಕ್ಕೇ ಹೇಳ್ಬೇಕು. ಶಾಲೆ ಬಿಸಿಯೂಟದ ಪಟ್ಟೀಲಿ ಪ್ರೈಮರಿ ಮಗುವಿಗೆ ಅಕ್ಕಿ ಇಲ್ಲಾ ಗೋಧಿ 100 ಗ್ರಾಂ, ಬೇಳೆ 20, ತರಕಾರಿ 50, ಎಣ್ಣೆ 5 ಗ್ರಾಂ ಅಂತ ತೂಕ ಹಾಕಿ ಬರೆದಿದಾರೆ, ಉಪ್ಪು ಮಸಾಲೆಗೆ ಬಂದ್ರೆ 'ಅಗತ್ಯಕ್ಕೆ ತಕ್ಕಷ್ಟು'. ಎಣ್ಣೆಗೆ ಇರೋ ಲೆಕ್ಕ ಉಪ್ಪಿಗೆ ಯಾಕಿಲ್ಲ? ನಾಲಿಗೆ ರೂಢಿ ಬೀಳೋದೇ ಆ ವಯಸ್ಸಲ್ಲಿ, ಇಷ್ಟು ಮಕ್ಕಳಿಗೆ ಇಷ್ಟು ಗ್ರಾಂ ಅಂತ ಹಾಕ್ಕೊಟ್ರೆ ಅಡುಗೆ ಮಾಡೋ ಅಮ್ಮಂದಿರಿಗೂ ಸುಲಭ.

ನಿಮ್ಮ ಹತ್ರಾನೂ ಒಂದು ಕೇಳ್ಕೊಳ್ಳೋದಿದೆ. ಪುರವಣಿಯ ಅಡುಗೆ ಅಂಕಣದಲ್ಲಿ ಕಡ್ಲೇಬೇಳೆ ಎರಡು ಚಮಚ, ಇಂಗು ಕಾಲು ಚಮಚ ಅಂತ ಎಲ್ಲಾ ಅಳತೆ ಇರುತ್ತೆ, ಉಪ್ಪು ಮಾತ್ರ ರುಚಿಗೆ. ಇನ್ಮೇಲೆ ಎಷ್ಟು ಜನಕ್ಕೆ ಎಷ್ಟು ಚಮಚ ಉಪ್ಪು ಅಂತ ಬರೆಯೋಕೆ ಅಡುಗೆ ಕಳಿಸೋರಿಗೆ ಹೇಳಿ, ಅಳತೆ ಇಲ್ದೆ ಬಂದಿದ್ದನ್ನ ವಾಪಸ್ ಕಳಿಸಿ ಕೇಳಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬರು, ತುಮಕೂರು