ನಮ್ಮ ಹೊಲ ಕಾದವರಿಗೆ, ನಮ್ಮ ಜೊತೆ ಸಿನಿಮಾ ನೋಡಿದವರಿಗೆ

ಅಪ್ಪ ಮನೆಗೆ ಬಂದಿದ್ದಾರೆ. ಲಕ್ವ ಹೊಡೆದ ಎಡಗೈ ಇನ್ನೂ ಪೂರ್ತಿ ಸ್ವಾಧೀನಕ್ಕೆ ಬಂದಿಲ್ಲ, ಮಾತು ಸರಿಹೋಗಿದೆ. ನಾವು ಮೈಸೂರಿನ ಆಸ್ಪತ್ರೆಯಲ್ಲಿದ್ದಾಗ ತಮಿಳುನಾಡಿಗೆ ಸೇರಿದ ತಾಳವಾಡಿಯ ನಮ್ಮ ಅರಿಶಿನದ ಹೊಲಕ್ಕೆ ನೀರು ಕಟ್ಟಿದವರು, ಆನೆ ಬಾರದ ಹಾಗೆ ರಾತ್ರಿಯೆಲ್ಲ ಕಾವಲಿದ್ದವರು, ಹಸು ಕರೆದು ಡೈರಿಗೆ ಹಾಲು ಹಾಕಿದ ಅತ್ತೆಯಂದಿರು, ನಿಮ್ಮ ಋಣ ದೊಡ್ಡದು.

ಬಂದ ಮೇಲೆ ಅಪ್ಪ ಬಾಯಿಬಿಟ್ಟು ಕೇಳಿದ್ದು ಒಂದನ್ನೇ: ಎಲ್ಲರ ಜೊತೆ ಕೂತು ‘ಬಂಗಾರದ ಮನುಷ್ಯ’ ನೋಡಬೇಕು. ಅದನ್ನೂ ನೀವೇ ನಡೆಸಿಕೊಟ್ಟಿರಿ. ದಿಂಬಂ ಘಾಟಿಯಲ್ಲಿ ರಾತ್ರಿ ಗಾಡಿ ಬಿಡುವುದಿಲ್ಲವೆಂದು ಸತ್ಯಮಂಗಲದಿಂದ ಹೊತ್ತಿರುವಾಗಲೇ ಪ್ರೊಜೆಕ್ಟರ್ ತಂದ ತಮ್ಮಂದಿರಿಗೆ, ಎರಡು ಪಂಚೆ ಸೇರಿಸಿ ಪರದೆ ಹೊಲಿದ ಚಿಕ್ಕಮ್ಮನಿಗೆ ನಮಸ್ಕಾರ.

1972ರ ಸಿನಿಮಾ. ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ನಾಯಕ ರಾಜ್‌ಕುಮಾರ್ ಅವರ ಊರು ಗಾಜನೂರು ನಮ್ಮ ಪಕ್ಕದ್ದೇ ಆದ್ದರಿಂದ ಅಣ್ಣಾವ್ರ ಮೇಲೆ ನಮಗೆ ಅಭಿಮಾನ ಒಂದು ತೂಕ ಹೆಚ್ಚೇ. ಆದರೆ ಈ ಸಿನಿಮಾ ಇಷ್ಟು ಕಾಲ ನಿಂತಿರುವುದು ಬರೀ ಅಭಿಮಾನದಿಂದಲ್ಲ. ಅವರು ಮಾಡಿದ ರಾಜೀವನ ತ್ಯಾಗದ ಬಗ್ಗೆ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ರಾಜೀವನ ದುಡಿಮೆ. ಅಕ್ಕನ ಮನೆಗೆ ಬರುತ್ತಾನೆ, ಗಂಡನನ್ನು ಕಳೆದುಕೊಂಡ ಅವಳ ಮಕ್ಕಳ ಹೊಣೆ ಹೊರುತ್ತಾನೆ, ಯಾರಿಗೂ ಬೇಡವಾದ ಕಲ್ಲುಭೂಮಿಗೆ ಕೈ ಹಾಕುತ್ತಾನೆ. ಬಂಡೆ ಒಡೆಯುವುದು, ನೆಲ ಹಸನು ಮಾಡುವುದು, ಪೈರು ಬರುವುದು, ಇವನ್ನೆಲ್ಲ ನೋಡುವವನಿಗೆ ತಾನೂ ಮಾಡಬಹುದು ಅನ್ನಿಸುವ ಹಾಗೆ ತೋರಿಸಿದ್ದಾರೆ. ಪೇಟೆ ಬಿಟ್ಟು ಹೊಲಕ್ಕೆ ಮರಳಿದವರ ಕಥೆಗಳು ಈ ಸಿನಿಮಾದ ಜೊತೆ ಸೇರಿಕೊಂಡಿರುವುದು ಸುಮ್ಮನೆ ಅಲ್ಲ.

ಬಂಡೆ ಒಡೆಯುವ ಹಾಡು ಬಂದಾಗ ಅಪ್ಪನನ್ನು ನೀವೂ ನೋಡಿದಿರಿ. ಬಲಗೈಯಿಂದ ಎಡಗೈ ಎತ್ತಿ ತೊಡೆ ಮೇಲಿಟ್ಟುಕೊಂಡು ನೆಟ್ಟಗೆ ಕೂತರು. ಪಿ.ಬಿ. ಶ್ರೀನಿವಾಸ್ ಅವರ ದನಿಯ ಜೊತೆ ತಾವೂ ಹಾಡಿದರು; ಕಾಯಿಲೆ ಬಿದ್ದ ಮೇಲೆ ಅವರ ಬಾಯಲ್ಲಿ ಹಾಡು ಕೇಳಿದ್ದು ಅವತ್ತೇ. ಪಕ್ಕದಲ್ಲಿದ್ದ ಹುಡುಗರಿಗೆ, “ಕಲ್ಲು ಸಿಕ್ತು ಅಂತ ಕೈ ಬಿಡ್ಬಾರ್ದು ಕಣ್ರೋ, ನಮ್ಮ ಮೇಲಿನ ಹೊಲಾನೂ ಹಿಂಗೇ ಇತ್ತು” ಅಂದರು. ಇಸ್ಕೂಲಲ್ಲಿ ತಮಿಳು ಓದುವ ಆ ಮಕ್ಕಳು ಕೊನೆಯವರೆಗೂ ಎದ್ದು ಹೋಗಲಿಲ್ಲ. ತಾನು ಸಾಕಿದ ಅಕ್ಕನ ಮಗನೇ ಅನುಮಾನಿಸಿದಾಗ ರಾಜೀವ ಎದುರು ಮಾತಾಡದೆ ಹೊರಟುಬಿಡುತ್ತಾನಲ್ಲ, ಆಗ ಒಬ್ಬ ಹುಡುಗ “ಅವ್ನು ಯಾಕೆ ನಿಜ ಹೇಳಲ್ಲ?” ಅಂತ ಅತ್ತೇಬಿಟ್ಟ. ಅವನನ್ನು ಸಮಾಧಾನ ಮಾಡಿದ ಅಜ್ಜಿಗೂ ಕಣ್ಣಲ್ಲಿ ನೀರು.

ನಡುರಾತ್ರಿ ಬ್ಯಾಟರಿ ಹಿಡಿದು ಒಬ್ಬೊಬ್ಬರನ್ನೂ ಮನೆ ಮುಟ್ಟಿಸಿದ ಅರಣ್ಯ ಕಾವಲಿನ ಅಣ್ಣಂದಿರನ್ನು ಮರೆಯುವ ಹಾಗಿಲ್ಲ.

ಇನ್ನು ಅರಿಶಿನ ಕೀಳುವ ಕಾಲ. ಬೇಯಿಸುವ ದಿನ ಎಲ್ಲರಿಗೂ ಊಟ ನಮ್ಮಲ್ಲೇ, ಅಪ್ಪ ಹೇಳಿ ಕಳಿಸಿದ್ದಾರೆ. ಮಕ್ಕಳನ್ನೂ ಕರ್ಕೊಂಡು ಬನ್ನಿ.