ಎದುರಾಳಿಗೂ ಒಂದು ಪುಟ ಕೊಡು

ಪ್ರೀತಿಯ ತಂಗಿಗೆ,

ನಿನ್ನ ಹಸ್ತಪ್ರತಿ ಓದಿ ಮುಗಿಸಿದೆ. ಜೊತೆಗಿಟ್ಟ ಪತ್ರವನ್ನೂ ಓದಿದೆ. ‘ಹದಿಮೂರನೇ ಶತಮಾನದ ಇಟಲಿಯ ಸನ್ಯಾಸಿ ಥಾಮಸ್ ಅಕ್ವಿನಾಸ್‌ನ ರಾಜಕೀಯ ವಿಚಾರ ಕನ್ನಡದಲ್ಲಿ ಯಾರಿಗೆ ಬೇಕು ಅಣ್ಣ, ಇಲ್ಲಿಗೇ ನಿಲ್ಲಿಸಿಬಿಡಲಾ?’ ಅಂತ ಕೇಳಿದ್ದೀಯ. ನಿಲ್ಲಿಸಬೇಡ. ನನಗೆ ಬೇಕು. ಅಧ್ಯಾಯ ಎಷ್ಟು ಉದ್ದ ಇರಬೇಕು, ಯಾವ ಪ್ರಕಾಶಕರನ್ನು ಕೇಳಬೇಕು ಅಂತೆಲ್ಲ ಕೇಳಿದ್ದೀಯಲ್ಲ, ಅದನ್ನು ಹೇಳಿಕೊಡೋಕೆ ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕಾದದ್ದು ಒಂದೇ ವಿಷಯ.

ಮೊದಲು ಖುಷಿಪಟ್ಟದ್ದನ್ನು ಹೇಳಿಬಿಡುತ್ತೇನೆ. ಹಸಿದವನ ಭಾಗವನ್ನು ತುಂಬ ಚೆನ್ನಾಗಿ ಬರೆದಿದ್ದೀಯ. ಪ್ರಾಣಕ್ಕೇ ಕುತ್ತು ಬಂದು, ಬೇರೆ ದಾರಿಯೇ ಇಲ್ಲದಾಗ ಇನ್ನೊಬ್ಬನ ಸೊತ್ತನ್ನು ತೆಗೆದುಕೊಂಡರೆ ಅದು ಕಳ್ಳತನವೇ ಅಲ್ಲ ಅನ್ನುತ್ತಾನೆ ಥಾಮಸ್ ಅಕ್ವಿನಾಸ್. ‘ಇದು ನಂದು, ಅದು ನಿಂದು’ ಅಂತ ಪಾಲು ಮಾಡಿದ್ದು ಮನುಷ್ಯರ ಕಾನೂನು. ಭೂಮಿಯ ಮೇಲಿರುವುದು ಎಲ್ಲರ ಹೊಟ್ಟೆಬಟ್ಟೆಗೆ ಅನ್ನುವುದು ಅದಕ್ಕಿಂತ ಹಿಂದಿನ, ನೈಸರ್ಗಿಕ ಕಾನೂನು. ಮನುಷ್ಯರ ಕಾನೂನು ನೈಸರ್ಗಿಕ ಕಾನೂನನ್ನು ಅಳಿಸಲಾರದು. ಇದನ್ನು ನೀನು ಒಂದೂ ಕಷ್ಟದ ಪದ ಇಲ್ಲದೆ ಹೇಳಿದ್ದೀಯ. ಮತ್ತೆ ಮತ್ತೆ ಓದಿದೆ.

ಈಗ ಜಗಳ. ನಿನ್ನ ಪುಸ್ತಕದಲ್ಲಿ ಥಾಮಸ್ ಒಬ್ಬನೇ ಮಾತಾಡುತ್ತಾನೆ. ಅವನಿಗೆ ಎದುರಾಡಿದವರೆಲ್ಲ ನಿನ್ನ ಕಣ್ಣಿಗೆ ಮೂಢರು. ಅವನೇ ಹಾಗೆ ಬರೆಯಲಿಲ್ಲವಲ್ಲಮ್ಮ! ಅವನ ದೊಡ್ಡ ಗ್ರಂಥ ‘ಸುಮ್ಮಾ ಥಿಯೊಲೊಜಿಯೆ’ಯಲ್ಲಿ ಯಾವ ಪ್ರಶ್ನೆ ತೆಗೆದರೂ ಮೊದಲು ಬರುವುದು ಎದುರು ಪಕ್ಷ. ‘ಹೀಗೆ ತೋರುತ್ತದೆ’ ಅಂತ ಶುರುಮಾಡಿ ತಾನು ಒಪ್ಪದ ಉತ್ತರವನ್ನೇ ಕೊಡುತ್ತಾನೆ. ಅದಕ್ಕೆ ಮೂರೋ ನಾಲ್ಕೋ ಕಾರಣ ಕೊಡುತ್ತಾನೆ. ಆಮೇಲೆ ‘ಇದಕ್ಕೆ ವಿರುದ್ಧವಾಗಿ’ ಅಂತ ಒಂದು ಆಧಾರ. ‘ನನ್ನ ಉತ್ತರ’ ಬರುವುದು ಅದಾದ ಮೇಲೆ. ಕೊನೆಗೆ, ಮೊದಲು ಹೇಳಿದ ಕಾರಣಗಳಿಗೆ ಒಂದೊಂದಾಗಿ ಜವಾಬು. ನಮ್ಮ ಶಾಸ್ತ್ರಗ್ರಂಥಗಳ ಪೂರ್ವಪಕ್ಷ ಗೊತ್ತಿರುವವರಿಗೆ ಈ ಕ್ರಮ ಹೊಸದೇನಲ್ಲ. ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾದವರು ಎಲ್ಲರೆದುರು ವಾದಕ್ಕೆ ನಿಲ್ಲಬೇಕಿತ್ತು. ಪುಸ್ತಕಕ್ಕೆ ಬಂದದ್ದು ಆ ಅಭ್ಯಾಸವೇ.

ಒಂದು ಪ್ರಶ್ನೆಯನ್ನು ಬಿಡಿಸಿ ನೋಡೋಣ. ಯಹೂದಿಗಳ ಮಕ್ಕಳಿಗೆ ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ, ಕ್ರೈಸ್ತರನ್ನಾಗಿ ಮಾಡುವ ದೀಕ್ಷಾಸ್ನಾನ ಮಾಡಿಸಬಹುದೇ? ಆಗ ಇದು ಸುಮ್ನೆ ಕೇಳಿದ ಪ್ರಶ್ನೆ ಆಗಿರಲಿಲ್ಲ. ಅದೇ ಪ್ಯಾರಿಸ್‌ನಲ್ಲಿ 1242ರ ಸುಮಾರಿಗೆ ಯಹೂದಿಗಳ ತಾಲ್ಮೂದ್ ಗ್ರಂಥಗಳನ್ನು ಗಾಡಿಗಟ್ಟಲೆ ತಂದು ಸುಟ್ಟಿದ್ದರು. ಥಾಮಸ್ ಎದುರು ಪಕ್ಷದ ಬಾಯಲ್ಲಿ ಇಡುವ ಮಾತು ನೋಡು. ಸಾಯುತ್ತಿರುವ ಮಗುವನ್ನು ಕಾಪಾಡುವುದು ಕರ್ತವ್ಯವಾದರೆ, ದೀಕ್ಷೆಯಿಲ್ಲದೆ ಆತ್ಮವೇ ನಾಶವಾಗುವುದನ್ನು ಕಂಡೂ ಸುಮ್ಮನಿರುವುದು ಹೇಗೆ? ಯಹೂದಿಗಳು ದೊರೆಯ ಆಳುಗಳು ತಾನೆ, ಅವರ ಮಕ್ಕಳೂ ದೊರೆಯವೇ ಅಲ್ವಾ? ಮಗು ಹೆತ್ತ ತಂದೆಗಿಂತ ಜಾಸ್ತಿ ದೇವರಿಗೆ ಸೇರಿದ್ದಲ್ವಾ? ಓದುತ್ತಾ ಹೋದರೆ ಮೈ ಜುಮ್ಮೆನ್ನುತ್ತದೆ. ಆ ಕಾಲದ ಭಕ್ತನಿಗೆ ಈ ಮಾತಿನಲ್ಲಿ ಕ್ರೌರ್ಯ ಕಾಣುತ್ತಿರಲಿಲ್ಲ, ಕರುಣೆಯೇ ಕಾಣುತ್ತಿತ್ತು. ಈ ಯೋಚನೆ ಬೇಗ ಸಾಯಲೂ ಇಲ್ಲ. 1858ರಲ್ಲಿ ಬೊಲೊನ್ಯದ ಒಂದು ಯಹೂದಿ ಮನೆಯಿಂದ 6 ವರ್ಷದ ಹುಡುಗನನ್ನು ಪೋಪ್ ಆಡಳಿತದ ಪೊಲೀಸರು ಕರೆದೊಯ್ದರು. ಮನೆಗೆಲಸದವಳು ಗುಟ್ಟಾಗಿ ದೀಕ್ಷಾಸ್ನಾನ ಮಾಡಿಸಿದ್ದಾಳೆ ಅನ್ನುವುದೇ ಅವರು ಕೊಟ್ಟ ಕಾರಣ.

ಥಾಮಸ್‌ನ ಉತ್ತರ: ಮಾಡಿಸಬಾರದು. ಚರ್ಚಿನಲ್ಲಿ ಈ ಪದ್ಧತಿ ಇಲ್ಲ, ಮತ್ತು ಇದು ನೈಸರ್ಗಿಕ ನ್ಯಾಯಕ್ಕೆ ವಿರುದ್ಧ. ಹುಟ್ಟುವ ಮೊದಲು ಮಗು ತಾಯಿಯ ಗರ್ಭದಲ್ಲಿರುತ್ತದೆ. ಹುಟ್ಟಿದ ಮೇಲೆ, ತನ್ನ ಬುದ್ಧಿ ತನಗೆ ಬರುವವರೆಗೆ, ಹೆತ್ತವರ ಆರೈಕೆಯೇ ಅದಕ್ಕೆ ಇನ್ನೊಂದು ಗರ್ಭ. ಆಳುಗಳು ಅನ್ನುವ ಮಾತಿಗೂ ಜವಾಬು ಇದೆ: ಆ ಆಳುತನ ರಾಜ್ಯದ ಕಾನೂನಿನದು, ಅದು ನೈಸರ್ಗಿಕ ಕಾನೂನನ್ನು ತಳ್ಳಿಹಾಕಲಾರದು. ಎದುರಿನ ಮೂರು ಮಾತು ಅಷ್ಟು ಗಟ್ಟಿಯಾಗಿರುವುದರಿಂದಲೇ ಈ ಉತ್ತರಕ್ಕೆ ಇಷ್ಟು ತೂಕ. ನೀನು ಬರೀ ಉತ್ತರ ಕೊಟ್ಟಿದ್ದೀಯ. ಉಪ್ಪಿಲ್ಲದ ಸಾರಿನ ಹಾಗಿದೆ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಟಿಪ್ಪಣಿಯ ಹಾಳೆಗಳನ್ನೂ ಕಳಿಸಿದ್ದೆಯಲ್ಲ, ಅದರಲ್ಲಿ ಪಾಷಂಡಿಗಳ, ಅಂದರೆ ಚರ್ಚಿನ ನಂಬಿಕೆಗೆ ವಿರುದ್ಧ ಹೋದ ಕ್ರೈಸ್ತರ, ಪ್ರಶ್ನೆ ಇದೆ. ಖೋಟಾ ನಾಣ್ಯ ಮಾಡಿದವನನ್ನೇ ದೊರೆ ಕೊಲ್ಲಿಸುತ್ತಾನೆ. ಆತ್ಮಕ್ಕೆ ಜೀವ ಕೊಡುವ ನಂಬಿಕೆಯನ್ನು ಕೆಡಿಸಿದವನು ಅದಕ್ಕಿಂತ ದೊಡ್ಡ ಅಪರಾಧಿ. ಚರ್ಚು ಒಂದೆರಡು ಸಲ ಬುದ್ಧಿ ಹೇಳಲಿ, ಕೇಳದಿದ್ದರೆ ಅವನನ್ನು ದೊರೆಯ ನ್ಯಾಯಾಲಯಕ್ಕೆ ಒಪ್ಪಿಸಲಿ, ಸಾಯಲಿ. ಇದನ್ನು ಬರೆದದ್ದೂ ಅದೇ ಥಾಮಸ್, ಅದೇ ಪುಸ್ತಕದಲ್ಲಿ, ಆ ಮಕ್ಕಳ ಪ್ರಶ್ನೆಯ ಬೆನ್ನಿಗೇ. ಇದನ್ನು ನೀನು ಓದಿದ್ದೀಯ, ಕೆಳಗೆ ಗೆರೆ ಎಳೆದಿದ್ದೀಯ, ಅಧ್ಯಾಯದಲ್ಲಿ ಮಾತ್ರ ಬಿಟ್ಟಿದ್ದೀಯ. ಯಾಕೆ? ನಿನಗೆ ಇಷ್ಟವಾದವನು ಸಣ್ಣವನಾಗಿಬಿಡುತ್ತಾನೆ ಅಂತ ಹೆದರಿದೆಯಾ? ಓದುಗ ಅದನ್ನು ಬೇರೆ ಕಡೆ ಓದಿಕೊಂಡ ದಿನ ನಿನ್ನ ಹಸಿದವನ ಪುಟವನ್ನೂ ನಂಬುವುದಿಲ್ಲ.

‘ಅನ್ಯಾಯದ ಕಾನೂನು ಕಾನೂನೇ ಅಲ್ಲ’ ಅನ್ನುವುದನ್ನು ದಪ್ಪಕ್ಷರದಲ್ಲಿ ಹಾಕಿದ್ದೀಯ. ಅದು ಹಳೆಯ ಕ್ರೈಸ್ತ ಗುರು ಅಗಸ್ಟೀನನಿಂದ ಬಂದ ಮಾತು. ಅಂಥ ಕಾನೂನಿಗೆ ಮನಸ್ಸಾಕ್ಷಿ ಕಟ್ಟುಬೀಳುವುದಿಲ್ಲ ಅಂದ ಥಾಮಸ್, ದೊಡ್ಡ ಗಲಭೆ ತಪ್ಪಿಸಲು ಕೆಲವು ಸಲ ತಲೆಬಾಗಬೇಕಾಗಬಹುದು ಅಂತಲೂ ಸೇರಿಸಿದ್ದಾನೆ. ಆ ಅರ್ಧವನ್ನೂ ಹಾಕು.

ಪ್ಯಾರಿಸ್‌ನ ಬಿಷಪ್ ಎತಿಯೆನ್ ಟೆಂಪಿಯೆಗೆ ನೀನು ಕೊಟ್ಟಿರುವುದು ಒಂದೇ ಸಾಲು. ‘ತರ್ಕದ ಶತ್ರು’ ಅಂತೆ. ಥಾಮಸ್ ತೀರಿಕೊಂಡ ದಿನದಿಂದ ಸರಿಯಾಗಿ ಮೂರು ವರ್ಷಕ್ಕೆ, 1277ರ ಮಾರ್ಚ್ 7ರಂದು, ಅವನು 219 ಹೇಳಿಕೆಗಳನ್ನು ನಿಷೇಧಿಸಿದ. ನಿಜ, ಕೆಲವು ಥಾಮಸ್‌ನ ವಿಚಾರಗಳಿಗೂ ತಾಗಿದವು. ಆದರೆ ಟೆಂಪಿಯೆ ಓದುಬರಹ ಇಲ್ಲದ ಅಧಿಕಾರಿಯಲ್ಲ, ಅದೇ ವಿಶ್ವವಿದ್ಯಾಲಯದ ಚಾನ್ಸಲರ್ ಆಗಿದ್ದವನು. ದೇವರು ಒಂದಕ್ಕಿಂತ ಹೆಚ್ಚು ಲೋಕಗಳನ್ನು ಮಾಡಲಾರ ಅನ್ನುವುದು ಅವನು ನಿಷೇಧಿಸಿದ ಹೇಳಿಕೆಗಳಲ್ಲಿ ಒಂದು. ಅರಿಸ್ಟಾಟಲ್ ಹೇಳಿದ ಅಂದಮಾತ್ರಕ್ಕೆ ದೇವರ ಕೈ ಕಟ್ಟಬಹುದೇ ಅನ್ನುವುದು ಅವನ ಪ್ರಶ್ನೆ. ತತ್ವಶಾಸ್ತ್ರಕ್ಕೆ ಒಂದು ಸತ್ಯ, ನಂಬಿಕೆಗೆ ಅದಕ್ಕೆ ವಿರುದ್ಧವಾದ ಇನ್ನೊಂದು ಸತ್ಯ ಇದೆ ಎಂಬಂತೆ ಅಲ್ಲಿನ ಕೆಲವು ಮೇಷ್ಟ್ರುಗಳು ಮಾತಾಡುತ್ತಾರೆ ಅಂತ ಅವನು ರೇಗಿದ್ದ. ಆ ವಿಷಯದಲ್ಲಿ ಥಾಮಸ್ ಅವನ ಕಡೆಯೇ! 1270ರಲ್ಲಿ ಅದೇ ಮೇಷ್ಟ್ರುಗಳ ಮೇಲೆ ಒಂದು ಖಾರವಾದ ಪುಸ್ತಕ ಬರೆದಿದ್ದ. ನಂಬಿಕೆಗೂ ತರ್ಕಕ್ಕೂ ಯುದ್ಧ ಅಂತ ನೀನು ಎಳೆದ ಗೆರೆ ಇಲ್ಲಿ ನಿಲ್ಲುವುದಿಲ್ಲ ನೋಡು.

ಇಷ್ಟು ರೇಗುವುದಕ್ಕೆ ಒಂದು ಹಳೆಯ ಸಿಟ್ಟೂ ಕಾರಣ. ಪಾದುವದ ಮಾರ್ಸಿಲಿಯುಸ್ ಬಗ್ಗೆ ಒಮ್ಮೆ ದೀರ್ಘ ಲೇಖನ ಬರೆದಿದ್ದೆ. ಕಾನೂನು ಮಾಡುವ ಹಕ್ಕು ನಾಗರಿಕರದು, ಶಿಕ್ಷಿಸುವ ಅಧಿಕಾರ ಪೋಪ್‌ಗೆ ಇಲ್ಲ ಅಂತ 1324ರಲ್ಲೇ ಬರೆದವನು ಅವನು. ಅವನ ಪಕ್ಕದಲ್ಲಿ ಪೋಪ್‌ಗಳ ವಾದವನ್ನೂ ಮನಸ್ಸಿಟ್ಟು ಬರೆದಿದ್ದೆ. ಲೋಕ ನಡೆಯುವುದು ಎರಡು ಅಧಿಕಾರಗಳಿಂದ ಅಂತ 494ರಲ್ಲಿ ಪೋಪ್ ಗೆಲಾಸಿಯುಸ್ ಚಕ್ರವರ್ತಿಗೆ ಬರೆದದ್ದು, 1077ರ ಚಳಿಯಲ್ಲಿ ಜರ್ಮನಿಯ ದೊರೆ ನಾಲ್ಕನೇ ಹೆನ್ರಿ ಪೋಪ್ ತಂಗಿದ್ದ ಕನೋಸಾ ಕೋಟೆಯ ಬಾಗಿಲಲ್ಲಿ ಮೂರು ದಿನ ಕ್ಷಮೆಗಾಗಿ ಕಾದದ್ದು, ದೊರೆಯ ಮೇಲೆ ಯಾರೂ ಇಲ್ಲದಿದ್ದರೆ ಅವನ ತಪ್ಪನ್ನು ಹೇಳುವವರು ಯಾರು ಅನ್ನುವ ಪ್ರಶ್ನೆ, ಎಲ್ಲ ಇತ್ತು. ‘ಓದುಗರಿಗೆ ಗೊಂದಲ ಆಗುತ್ತೆ’ ಅಂತ ಸಂಪಾದಕರು ಆ ಭಾಗವನ್ನಷ್ಟೇ ಕತ್ತರಿಸಿದರು. ಅಚ್ಚಾದ ಲೇಖನ ಕೈಯಲ್ಲಿ ಹಿಡಿದಾಗ ನಾಚಿಕೆಯಾಯಿತು. ಜನ ಹೊಗಳಿದರು. ಆ ಹೊಗಳಿಕೆ ಇವತ್ತಿಗೂ ಚುಚ್ಚುತ್ತದೆ. ನನಗೆ ಬೇರೆಯವರು ಮಾಡಿದ್ದನ್ನು ನೀನು ನಿನ್ನ ಕೈಯಾರೆ ಮಾಡಿಕೊಳ್ಳುತ್ತಿದ್ದೀಯ. ಅದನ್ನು ನೋಡಿಕೊಂಡು ಸುಮ್ಮನಿರಲು ಆಗುವುದಿಲ್ಲ.

ಪುಸ್ತಕ ಪೂರ್ತಿ ತಿದ್ದುವುದು ಆಮೇಲೆ. ಮೊದಲು ನಾಲ್ಕನೇ ಅಧ್ಯಾಯ. ಯಹೂದಿ ಮಕ್ಕಳ ಪ್ರಶ್ನೆಯನ್ನೂ ಪಾಷಂಡಿಗಳ ಪ್ರಶ್ನೆಯನ್ನೂ ಅಕ್ಕಪಕ್ಕ ಇಟ್ಟು ಬರಿ. ನಂಬಿಕೆ ಒಪ್ಪಿಕೊಳ್ಳುವುದು ಮನಸ್ಸಿಗೆ ಬಿಟ್ಟದ್ದು, ಒಪ್ಪಿಕೊಂಡ ಮೇಲೆ ಉಳಿಸಿಕೊಳ್ಳುವುದು ಹರಕೆ ತೀರಿಸುವ ಹಾಗೆ ಕಡ್ಡಾಯ ಅಂತ ಥಾಮಸ್ ಸಮಾಧಾನ ಹೇಳುತ್ತಾನಲ್ಲ, ಅದು ನಿನಗೆ ಸಾಕೆನಿಸುತ್ತದಾ? ಹಸುಗೂಸಾಗಿದ್ದಾಗಲೇ ದೀಕ್ಷೆ ಪಡೆದವನು ಹರಕೆ ಹೊತ್ತದ್ದು ಯಾವಾಗ? ನಿನ್ನ ಉತ್ತರ ನನಗೆ ಬೇಕು. ಅದಕ್ಕೂ ಮುಂಚೆ ಥಾಮಸ್ ಇದಕ್ಕೆ ಏನು ಹೇಳಬಹುದಿತ್ತು ಅನ್ನುವುದನ್ನು, ಅವನ ಪರವಾಗಿ ನಿಂತು, ಒಂದು ಪೂರ್ತಿ ಪುಟ ಬರಿ. ಬರೆದ ಕೂಡಲೇ ಕಳಿಸು.

ಪ್ರೀತಿಯಿಂದ,
ನಿನ್ನ ಅಣ್ಣ