ಬೂತುಗನನ್ನು ಬರೀ ‘ಸಾಮಂತ’ ಎನ್ನಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಮದ್ದೂರು ಸೀಮೆಯ ಆತಕೂರಿನ ಹತ್ತನೇ ಶತಮಾನದ ಕಲ್ಲುಶಾಸನದ ಬಗ್ಗೆ ಎಲ್ಲೇ ಬರಹ ಬಂದರೂ ನಾಯಿಯ ಕಥೆಗೇ ಮುಗಿದುಹೋಗುತ್ತದೆ; ಗಂಗ ದೊರೆ ಇಮ್ಮಡಿ ಬೂತುಗನನ್ನು ರಾಷ್ಟ್ರಕೂಟರ ‘ಸಾಮಂತ’ ಎಂದಷ್ಟೇ ಹೇಳಿ ಬಿಡುತ್ತಾರೆ. ಮದ್ದೂರು ತಾಲ್ಲೂಕಿನ ಶಾಲೆಗಳಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತಳಾದ ನನಗೆ ಇದು ತುಂಬಾ ನೋವಿನ ವಿಷಯ. ಕಾಳಿ ನಾಯಿಯ ಕಥೆ ನನಗೂ ಪ್ರಾಣ. ಚೋಳರ ವಿರುದ್ಧ ತಕ್ಕೋಲದ ಯುದ್ಧದಲ್ಲಿ ಕಾದಿದ ತನ್ನ ಸೇವಕ ಮಣಲೇರನಿಗೆ ಬೂತುಗ ‘ಏನು ಬೇಕೋ ಕೇಳು’ ಎಂದಾಗ ಅವನು ಕೇಳಿದ್ದು ಆ ಬೇಟೆನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ನಿಲ್ಲಿಸಿದ ಈ ಕಲ್ಲಿಗೆ ಪೂಜೆ ಮಾಡದೆ ಗೊರವ (ಶೈವ ಪೂಜಾರಿ) ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಎಂದೂ ಬರೆಸಿದ್ದಾರೆ!

ಆದರೆ ಅದೇ ಕಲ್ಲಿನಲ್ಲಿ ಇನ್ನೊಂದು ದಾನವೂ ಇದೆ. ಕ್ರಿ.ಶ. 949ರಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಬೂತುಗನಿಗೆ ರಾಷ್ಟ್ರಕೂಟರ ಮೂರನೆಯ ಕೃಷ್ಣ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂಬ ಐದು ನಾಡುಗಳನ್ನು ಕೊಟ್ಟ (ಆಗ ನಾಡಿನ ಹೆಸರಿನ ಜೊತೆ ಹೀಗೆ ಒಂದು ಸಂಖ್ಯೆ ಸೇರಿಸಿ ಹೇಳುವುದು ರೂಢಿ). ಮಣಲೇರನಿಗೆ ಕೊಡುವ ಕೈಯೇ ಕೃಷ್ಣನ ಮುಂದೆ ತೆಗೆದುಕೊಳ್ಳುವ ಕೈ.

ಒಮ್ಮೆ ಮಕ್ಕಳನ್ನು ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಜೊತೆಗಿದ್ದ ಮಾರ್ಗದರ್ಶಿ ‘ಇದು ನಾಯಿ ಕಲ್ಲು’ ಎಂದು ಮುಂದೆ ನಡೆದುಬಿಟ್ಟರು. ಏಳನೇ ತರಗತಿಯ ಹುಡುಗಿಯೊಬ್ಬಳು ಕಲ್ಲಿನಲ್ಲಿ ಕೆತ್ತಿದ ನಾಯಿ, ಹಂದಿಯನ್ನೇ ನೋಡುತ್ತಾ ನಿಂತಿದ್ದಳು. ಅಕ್ಷರಗಳಲ್ಲಿ ಏನಿದೆ ಎಂದು ಹೇಳಿದ ಮೇಲೆ, ‘ಮಿಸ್, ಅವನೇ ರಾಜ ಅಲ್ವಾ? ಇನ್ನೊಬ್ಬರ ಹತ್ರ ಯಾಕೆ ನಾಡು ಇಸ್ಕೊಂಡ?’ ಎಂದು ಕೇಳಿದಳು.

ಎಂಥ ಪ್ರಶ್ನೆ! ಗಂಗರು ಸ್ವತಂತ್ರವಾಗಿ ಆಳಿದ ಮನೆತನ. ಬೂತುಗನಿಗೂ ಬಹಳ ಹಿಂದೆ ರಾಷ್ಟ್ರಕೂಟರು ಗಂಗ ದೊರೆ ಇಮ್ಮಡಿ ಶಿವಮಾರನನ್ನು ಸೆರೆಗೆ ಹಾಕಿ ಗಂಗರ ನಾಡಾದ ಗಂಗವಾಡಿಗೆ ತಮ್ಮ ಕುಮಾರನನ್ನೇ ತಂದು ಕೂರಿಸಿದ್ದರು. ಆಮೇಲೆ ಹೆಣ್ಣು ಕೊಟ್ಟು ನಂಟಸ್ತಿಕೆ ಬೆಳೆಸಿದರು. ಕೃಷ್ಣನ ಅಕ್ಕ ರೇವಕನಿಮ್ಮಡಿಯೇ ಬೂತುಗನ ಹೆಂಡತಿ. ಅಣ್ಣ ರಾಚಮಲ್ಲನನ್ನು ಕೊಂದು ಅವನು ಗಂಗವಾಡಿ 96000ವನ್ನು ಹಿಡಿದದ್ದೂ ಈ ಭಾವಮೈದುನನ ಬೆಂಬಲದಿಂದಲೇ. ಇಷ್ಟಾದರೂ ಗಂಗರು ‘ಕೋಳಾಲಪುರವರೇಶ್ವರ, ನಂದಗಿರಿನಾಥ’ (ಕೋಲಾರದ ಒಡೆಯ, ನಂದಿಬೆಟ್ಟದ ಒಡೆಯ) ಎಂಬ ಬಿರುದು ಬಿಡಲಿಲ್ಲ. ‘ಸಾಮಂತ’ ಎಂಬ ಒಂದು ಮಾತಿನಲ್ಲಿ ಇದೆಲ್ಲ ಹೇಗೆ ಹಿಡಿಸೀತು?

ಪಠ್ಯ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ: ಕಾಳಿಯ ಕಥೆಯ ಜೊತೆಗೆ ಆ ಐದು ನಾಡುಗಳ ಸಾಲನ್ನೂ ಹಾಕಿ, ಪಕ್ಕದಲ್ಲೊಂದು ನಕ್ಷೆ ಕೊಡಿ. ತಮ್ಮೂರ ಸೀಮೆಯ ಕಲ್ಲಿನಲ್ಲಿ ಬನವಾಸಿಯ ಹೆಸರು ಯಾಕೆ ಬಂತು ಎಂದು ಮದ್ದೂರಿನ ಮಕ್ಕಳು ಆಗ ಬೆರಳಿಟ್ಟು ನೋಡಿಯಾರು.

– ನಿವೃತ್ತ ಶಿಕ್ಷಕಿ, ಮದ್ದೂರು